ಮೊದಲ ಪಾಳಿಗೆ ಬಂದ ಈರೇಶನಿಗೆ

ಬೆಂಕಿಪೊಟ್ಟಣ ಇಲ್ಲಿ ಇಡು, ಈ ಕಟ್ಟಿಗಿ ಪೆಟ್ಟಿಗ್ಯಾಗ.
ಬೀಡಿ, ಫೋನು, ಕೀಲಿ ಗೊಂಚಲೂ.
ಅಂಗಿ ಮುಟ್ಟಿ ನೋಡ್ತೀನಿ, ಸಿಟ್ಟಾಗಬ್ಯಾಡ.
ಟೆರಿಕಾಟ್ ನಡಿಯಂಗಿಲ್ಲ, ನಾಳೆ ಹತ್ತಿದು ಹಾಕ್ಕೊಂಡು ಬಾ,
ರಾಯಚೂರಾಗ ಹತ್ತಿಗೇನು ಬರ?
ಚಪ್ಪಲಿ ಹೊಳ್ಳಿಸು. ಮೊಳಿ ಅದಾವೇನು?
ಒಂದು ಮೊಳಿ ಕಲ್ಲಿಗೆ ತಾಗಿದರ ಸಾಕು.

ಅದರ ಹೆಸರು ಹೆಕ್ಸೇನ್.
ಆರು ಕಾರ್ಬನ್ನು ಕೈ ಕೈ ಹಿಡಕೊಂಡು ಸಾಲಾಗಿ ನಿಂತಾವಂತ,
ಸುತ್ತ ಹದಿನಾಲ್ಕು ಹೈಡ್ರೋಜನ್ನು;
ಲ್ಯಾಬಿನ ಪದ್ಮಾವತಿ ಮೇಡಂ ಹೇಳಿದ್ದು, ನಾ ಎಣಿಸಿಲ್ಲ.
ನಾ ಬಲ್ಲದ್ದು ಇಷ್ಟು: ಗಾಜಿನಾಗ ನೋಡಿದರ ನೀರು,
ಬೆರಳಿಗೆ ತಾಗಿದರ ತಂಪು, ನೋಡೂದ್ರಾಗ ಇಲ್ಲ.
ನೀರಿನ ಜೋಡಿ ಕೂಡಂಗಿಲ್ಲ, ಮ್ಯಾಲೆ ತೇಲ್ತದ.
ಬೆಂಕಿ ಹತ್ತಿದರ ನೀರಿನ ಪೈಪಿಗೆ ಓಡಬ್ಯಾಡ;
ನೊರಿ ಅದ, ಉಸುಕಿನ ಬಕೀಟು ಅದ,
ಅದಕ್ಕೂ ಬಗ್ಗಲಿಲ್ಲಂದ್ರ ನಿನ್ನ ಕಾಲು ಅದಾವ.

ನಮ್ಮ ಬಿಸಿಲು ಗೊತ್ತಲ್ಲ.
ನಾವು ನಲವತ್ತೈದಕ್ಕ ಕುದೀತೀವಿ, ಇದು ಅರವತ್ತೊಂಬತ್ತಕ್ಕ.
ಉರಿಯಾಕ ಕುದಿಯೂದು ಬೇಕಿಲ್ಲ.
ನೀರು ಬರ್ಫ ಆದಮ್ಯಾಲೆ ಇನ್ನೂ ಇಪ್ಪತ್ತೆರಡು ಡಿಗ್ರಿ ಇಳಿದರೂ
ಒಂದು ಕಿಡಿಗೆ ಇದು ತಯಾರು.

ಸಿಂಧನೂರಿಂದ, ಮಾನ್ವಿಯಿಂದ ತೌಡು ಬರ್ತದ, ಲಾರಿಗೆ ಲಾರಿ,
ಒಂದು ದಿನ ಬಿಟ್ಟರ ಕಮಟು ನಾತ.
ಗಾಣಕ್ಕ ದಕ್ಕದ ಎಣ್ಣಿ ಅದರಾಗ.
ಇದು ಹನಿ ಹನಿ ಇಳಿದು ಇಸಕೊಂಡು ಬರ್ತದ,
ಎಣ್ಣಿ ಒಪ್ಪಿಸಿ, ಆವಿಯಾಗಿ ಎದ್ದು,
ತಣ್ಣನ ಕೊಳವ್ಯಾಗ ಮತ್ತ ಹನಿಯಾಗಿ ಟಾಕಿಗೆ.
ನೂರು ಸಲ ಹೋಗಿ ನೂರು ಸಲ ಬರೂ ಕೂಲಿ, ಪಗಾರಿಲ್ಲ.
ನಿಮ್ಮವ್ವ ಒಗ್ಗರಣಿಗೆ ಬಗ್ಗಿಸೂ ಡಬ್ಬಿ ಮ್ಯಾಲೆ
ಇದರ ಹೆಸರಿಲ್ಲ.

ಆವಿ ಮ್ಯಾಲೆ ಹೋಗ್ತದ ಅಂತ ಸಾಲ್ಯಾಗ ಕಲ್ತಿರ್ತಿ.
ಇದರದು ಗಾಳಿಗಿಂತ ಮೂರು ಪಟ್ಟು ಭಾರ.
ನೆಲ ಹಿಡಕೊಂಡು ಹರಿದಾಡ್ತದ, ಹೊಸ್ತಿಲ ದಾಟ್ತದ,
ಗಟಾರದಾಗ ಕುಂತು ಕಾಯ್ತದ.
ಅದಕ್ಕ ಫ್ಯಾನು ಪಾದದ ಎತ್ತರಕ್ಕ ಅದಾವ,
ಅದಕ್ಕ ಸುತ್ತಿಗಿ ಹಿತ್ತಾಳಿದು,
ಪ್ರತಿ ಪೈಪಿಂದ ಒಂದು ತಾಮ್ರದ ಪಟ್ಟಿ ಮಣ್ಣಿಗೆ.
ಮೂಗು ನಂಬಬ್ಯಾಡ: ಮೊದಲ ತಾಸು ಪೆಟ್ರೋಲಿನಂಥ ವಾಸನಿ,
ಎರಡನೇ ತಾಸಿಗೆ ರೂಢಿಯಾಗಿ ಸುಮ್ಮನಾಗ್ತದ.
ಗ್ವಾಡಿ ಮ್ಯಾಲಿನ ಕೆಂಪು ದೀಪ ನಂಬು.

ಕೈ ತೋರಿಸು. ಗ್ರೀಸು.
ಇದರಾಗ ಅದ್ದಿದರ ತೊಳೆದ ಅಕ್ಕಿ ಆಗ್ತಾವ ಬೆರಳು.
ಫಿಟ್ಟರ್ ಹುಸೇನಪ್ಪನೂ ಹಂಗ ಅಂತಿದ್ದ, ಹನ್ನೊಂದು ವರ್ಷ,
ಸಂಜಿಗೊಮ್ಮೆ ಮಗ್ಗು ತುಂಬಿ, ಮುಖ ಬಗ್ಗಿಸಿ, ಮೊಣಕೈತನಕ.
ಮೊದಲು ಕಾಲಿನ ಹೆಬ್ಬೆರಳು ಜೋಮು ಹಿಡೀತು.
ಆಮ್ಯಾಲೆ ಚಪ್ಪಲಿ ಕಳಚಿ ಬಿದ್ದದ್ದೂ ಗೊತ್ತಾಗಲಿಲ್ಲ,
ಬರಿಗಾಲಿಲೆ ಸ್ಟೇಷನ್ ರೋಡ್ ತನಕ ನಡದಿದ್ದ, ವೈಶಾಖದಾಗ.
ಡಾಕ್ಟರ್ ಅಂದರು: ಉಸಿರಿಲೆ, ಚರ್ಮದಿಂದ ಒಳಗ ಹೋಗಿ
ಲಿವರಿನಾಗ ಅದು ಬ್ಯಾರೆ ಹೆಸರು ತಗೊಂತದ,
ಆ ಹೆಸರಿಲೆ ನರಕ್ಕ ಕೈ ಹಚ್ತದ.
ಈಗ ತಾಯಮ್ಮ ಅವನ ಅಂಗಿ ಗುಂಡಿ ಹಾಕ್ತಾಳ.
ಅಕಿ ನಗ್ತಾಳ, ಅವನೂ ನಗ್ತಾನ:
"ತೌಡಿನಾಗಿನ ಎಣ್ಣಿ ತೆಗದೆ, ಗುಂಡಿ ತೂತು ಸಿಗವಲ್ದು."

ಈ ಪೆಟ್ಟಿಗಿ ಮಾಡಿದಾಂವ ಅವನ.
ಮೂಲ್ಯಾಗ ಒಂದು ಬೀಡಿಕಟ್ಟು ಅದ ನೋಡು, ಕಡೀ ಪಾಳಿದು,
ಒಯ್ಯೂದು ಮರ್ತ.
ಅದನ್ನ ಸರಿಸಬ್ಯಾಡ. ನಿಂದು ಬಾಜೂಕ ಇಡು.

ಕೈಗವಸು ತಗೋ. ಬಲಗೈದು ತೂತು ಬಿದ್ದದ,
ಬ್ಯಾರೆ ಕೇಳು, ನಾಚಬ್ಯಾಡ.
ಬಾ.