ಮೂರನೆಯ ಮೊಳೆ

ಮೇ ಹದಿನೆಂಟು. ಶಾಲೆ ತೆರೆಯಲು ಇನ್ನು ಹದಿಮೂರು ರಾತ್ರಿ.
ಬದಿಯಡ್ಕ ಪೇಟೆಯಲ್ಲಿ, ಒಣಮೀನಿನ ಅಂಗಡಿಯ ಮಾಳಿಗೆಯಲ್ಲಿ
ನಮ್ಮ ಗೋಡೆಗೆ ಮೂರು ಮೊಳೆ:
ಕೆಂಪು ಚೌಕುಳಿ, ಇಂಗ್ಲಿಷ್ ಮೀಡಿಯಂ;
ಹಸಿರು, ಮಲಯಾಳ;
ನೀಲಿ, ಕನ್ನಡ.
ಚೀಟಿ ಬರೆದು ಮೊಳೆಗೆ ಚುಚ್ಚುವ ಮೊದಲು
ಬಟ್ಟೆಗೆ ಕತ್ತರಿ ಮುಟ್ಟಿಸಬಾರದು.
ಅದು ಇಲ್ಲಿಯ ಕಾನೂನು.

ಸುಮ್ಮನೆ ಬಂದ ಕಾನೂನಲ್ಲ ಮಾರಾಯ್ರೆ.
ಮೊದಲ ವರ್ಷ ಎಲ್ಲವನ್ನೂ ತಲೆಯೊಳಗೇ ಇಟ್ಟುಕೊಂಡಿದ್ದೆ.
ನೀರ್ಚಾಲಿನ ಅಶ್ರಫನ ಚಡ್ಡಿ
ಮುಳ್ಳೇರಿಯದ ಅಶ್ರಫನಿಗೆ ಹೋಯಿತು.
ಹುಡುಗ ಪ್ರಾರ್ಥನೆ ಮುಗಿಯುವವರೆಗೂ
ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ನಿಂತನಂತೆ.
ಅವನ ಉಮ್ಮ ಬಂದರು. ಮಾತಿಲ್ಲ.
ಚಡ್ಡಿಯನ್ನು ಮಡಚಿ ಮೆಷಿನ್ನಿನ ಮೇಲಿಟ್ಟು ಹೋದರು.
ಬೈದಿದ್ದರೆ ಮರೆತುಬಿಡುತ್ತಿದ್ದೆ.

ಈಗ ಮೈಮೂನ ಕತ್ತರಿಸುತ್ತಾಳೆ, ಕರೆಂಟು ಹೋಗುವ ಹೊತ್ತು ನೋಡಿ.
ಸುಗಂಧಿಗೆ ಕಾಲರು, ಕಾಲರು, ಬರೀ ಕಾಲರು;
ಕೈಗೆ ಅದೇ ಬಂದರೆ ಗಂಟೆಗೆ ಏಳು ಆಗುತ್ತದೆ,
ನಡುವೆ ಒಂದು ತೋಳು ಕೊಟ್ಟರೆ ನಾಲ್ಕು.
ಗುಂಡಿಗಳು ಹಾಲುಪುಡಿಯ ಡಬ್ಬಿಗಳಲ್ಲಿ.
ಫೋನು ಹನ್ನೊಂದರವರೆಗೆ ಡ್ರಾಯರಿನಲ್ಲಿ, ಗುಂಯ್‌ಗುಟ್ಟಿಕೊಂಡು ಇರಲಿ.
ಅಳತೆ ತೆಗೆಯುವವಳು ಹಣ ಎಣಿಸುವುದಿಲ್ಲ.
‘ಅರ್ಜೆಂಟ್’ ಎಂಬ ಶಬ್ದಕ್ಕೆ
ಮೆಟ್ಟಿಲ ಕೆಳಗೆ ಚಪ್ಪಲಿಯ ಜೊತೆ ಜಾಗ ಉಂಟು.

ಆದಿತ್ಯವಾರ ಸಂಜೆ ಪುಸ್ತಕ ಬಿಡಿಸುತ್ತೇನೆ.
ಕೆಂಪು ಏರಿದೆ. ಹಸಿರು ಇದ್ದಲ್ಲೇ.
ನೀಲಿ: ಅರವತ್ತನಾಲ್ಕು, ಐವತ್ತೊಂದು,
ಮೂವತ್ತೆಂಟು, ಹೋದ ವರ್ಷ ಇಪ್ಪತ್ತೆರಡು,
ಈ ಹೊತ್ತಿಗೆ ಒಂಬತ್ತು.
ಲೆಕ್ಕ ಬರೆಯದಿದ್ದ ಕಾಲದಲ್ಲಿ
ಇದೊಂದು ಗೊತ್ತಾಗುತ್ತಿರಲಿಲ್ಲ.

ಮಂಗಳೂರಿನ ಜವಳಿಯ ಶೆಣೈ ಮಾಮ್
ಫೋನಿನಲ್ಲೇ ಕನ್ನಡಕ ಸರಿಮಾಡಿಕೊಂಡರು:
“ನೀಲಿ ಇಡೀ ಥಾನು ಯಾಕಮ್ಮ? ಮೀಟರಿನಲ್ಲಿ ಕೊಡುತ್ತೇನೆ.”
ಮೈಮೂನನದೂ ಅದೇ ರಾಗ:
“ಮೂರನೆಯ ಮೊಳೆ ಬರೀ ತೂಕಡಿಸುವುದು ಚೇಚಿ,
ಚೂಡಿದಾರದ ಚೀಟಿ ಅದಕ್ಕೆ ಹಾಕುವ.”
ಇಬ್ಬರೂ ಹೇಳಿದ್ದು ಸರಿ.
ಆ ನೀಲಿ ಲಂಗದಲ್ಲಿ ನಾನೇ ಏಳು ವರ್ಷ
ಗುಡ್ಡೆ ಇಳಿದದ್ದು ಲೆಕ್ಕದ ಪುಸ್ತಕಕ್ಕೆ ಬೇಡದ ಸಂಗತಿ.

ಹಾಗೆ ಕೂತಿರುವಾಗ ಮೆಟ್ಟಿಲಲ್ಲಿ ಬಳೆಯ ಸದ್ದು.
ರೋಣದ ಕಡೆಯವಳು, ಕೆಂಪುಕಲ್ಲಿನ ಕೋರೆಯ ಕೆಲಸ,
ಎರಡು ಮಕ್ಕಳು, ರೆಪ್ಪೆಯ ಮೇಲೂ ಕಲ್ಲಿನ ಹುಡಿ.
“ಅಕ್ಕಾರ, ಇಬ್ಬರ್ದೂ ಅಳತಿ ತಗೋರಿ. ಕನ್ನಡ ಸಾಲಿ.
ಸಡ್ಲ ಇರ್ಲಿ ಮತ್ತ, ಎರಡ್ ವರ್ಷ ಬರ್ಬೇಕು.”
ಹೆಸರು ಕೇಳಿದೆ. ಪಾರವ್ವ, ಒಂಬತ್ತು.
ಮುದಕಪ್ಪ, ಆರು.
ಸುಗಂಧಿ ಕಾಲರಿನೊಳಗೆ ಮುಖ ಹುಗಿಸಿ ನಕ್ಕಳು,
ಮೈಮೂನನಿಗೆ ಅರ್ಥವಾಗದೆ ಇನ್ನೂ ಜೋರಾಗಿ ನಕ್ಕಳು,
ಮುದುಕನೂ ಹಲ್ಲಿಲ್ಲದ ಬಾಯಿ ತೆರೆದ.

“ಎರಡು ವರ್ಷ ಇಲ್ಲೇ ಇರ್ತೀರಾ?”
“ಕಲ್ಲ್ ಇರೋತನಕ ಇರ್ತೀವ್ರೀ.”
ಅರ್ಧ ಮುಂಗಡ ನಮ್ಮ ಕಾನೂನು; ಅವಳ ಹತ್ತಿರ ಇನ್ನೂರು.
ಇನ್ನೂರು ಎಂದೇ ಬರೆದೆ, ಪಕ್ಕದಲ್ಲಿ ಬಾಕಿ,
ಕೊಡುವ ದಿನ: ಕೋರೆಯ ಶನಿವಾರ ಬಟವಾಡೆ.
ಉದ್ದ ಹತ್ತೊಂಬತ್ತು, ಅಂಚಿನಲ್ಲಿ ಎರಡಿಂಚು ಒಳಮಡಿಕೆ,
ಬಿಚ್ಚಲು ಸುಲಭವಾಗುವ ಹಾಗೆ ದೊಡ್ಡ ಹೊಲಿಗೆ.

ಹತ್ತು, ಹನ್ನೊಂದು. ಚುಚ್ಚಿದೆ.
ಶೆಣೈ ಮಾಮ್‌ನಿಗೆ ಹೇಳಬೇಕು: ಮೀಟರಿನಲ್ಲೇ, ಇಪ್ಪತ್ತೈದು.
ಮೈಮೂನನಿಗೆ ಹೇಳಿದೆ: ಚೂಡಿದಾರಕ್ಕೆ ನಾಲ್ಕನೆಯ ಮೊಳೆ ಹೊಡಿ,
ಗೋಡೆ ಎಂತ, ಕಮ್ಮಿ ಉಂಟಾ?
ಮೊಳೆ ಸಿಕ್ಕಿತು, ಡಬ್ಬಿಯ ಮೇಲೆ ಹೆಸರು ಬರೆದಿತ್ತು.
ಸುತ್ತಿಗೆ ಎಲ್ಲಿಟ್ಟೆವೋ
ಮೂವರಿಗೂ ಗೊತ್ತಿಲ್ಲ.