ಹದಿನಾಲ್ಕು ಹೆಚ್ಚು

ಅಪ್ಪ ಮುಖ ನೋಡುತ್ತಿರಲಿಲ್ಲ.
ಹಾಸನ–ಅರಕಲಗೂಡು ಬಸ್ಸಿನಲ್ಲಿ ಇಪ್ಪತ್ತಾರು ವರ್ಷ
ಕೈ ನೋಡಿದ, ಕೈಯಲ್ಲಿದ್ದ ಚೀಟಿ ನೋಡಿದ.
ತಂಗಿಯ ಪಾಸಿನಲ್ಲಿ ಅಕ್ಕ ಹತ್ತಿದರೂ
"ಹ್ಞೂಂ, ಒಳಗ್ ನಡಿ."

ರೈಬೋಸೋಮೂ ಹಾಗೇ
ಎಂದು ಎಂಎಸ್ಸಿ ಹುಡುಗರಿಗೆ ಹೇಳುವಾಗ
ಹಿಂದಿನ ಬೆಂಚಿನ ತೌಸೀಫ್ ನಗುತ್ತಾನೆ.
ಮೂರಕ್ಷರ ಓದುತ್ತದೆ. ಮೂರಕ್ಷರ ಹೊಂದಿದರೆ ಸಾಕು,
ಚೀಟಿ ಹಿಡಿದು ಬಂದದ್ದು ಯಾರೆಂದು ಕೇಳುವುದಿಲ್ಲ.
ಅದರ ಆ ಕುರುಡುತನವೇ ನಮ್ಮ ಕಸುಬು.

ಸಾಲಗಾಮೆ ರಸ್ತೆಯ ಈ ಕೋಣೆಯಲ್ಲಿ
ಜೀವಕೋಶವಿಲ್ಲ; ಅದರೊಳಗಿನ ಸಾಮಾನು ಮಾತ್ರ,
ಕಿರುಬೆರಳಿನ ತುದಿಯಷ್ಟು ಕೊಳವೆಯಲ್ಲಿ.
ಅಲನೀನನ್ನು ತೆಗೆದೆವು. ಸೀಟು ಖಾಲಿ.
ಅದರ ಚೀಟಿಯನ್ನು ಬೇರೊಬ್ಬನ ಜೇಬಿಗಿಟ್ಟೆವು:
ಅದೇ ಅಲನೀನ್, ಬೆನ್ನಿನ ಸಾರಜನಕಕ್ಕೆ
ಒಂದು ಮಿಥೈಲ್ ಗಂಟು ಹೆಚ್ಚು,
ಕಿಣ್ವದ ಹಲ್ಲು ಅಲ್ಲಿ ಕೂರದ ಹಾಗೆ.
ಆಲೂಗಡ್ಡೆಯ ಅಂಗಮಾರಿ ಈ ಪೆಪ್ಟೈಡನ್ನು
ಅಗಿದು ಉಗುಳದಿರಲಿ ಎಂಬುದು ದೂರದ ಆಸೆ;
ಅನುದಾನದ ಅರ್ಜಿಯಲ್ಲಿ ಅದನ್ನೇ ದಪ್ಪಕ್ಷರದಲ್ಲಿ ಬರೆದಿದ್ದೆ.

ಪಾಠದಲ್ಲಿ ಹೇಳಿದಷ್ಟು ಕುರುಡಲ್ಲ ಅದು.
ಗಂಟು ಹೊತ್ತವನು ಒಳಗೆ ಬಂದರೂ
ಪಕ್ಕದವನ ಕೈ ಹಿಡಿಯಲು ತಡ ಮಾಡುತ್ತಾನೆ,
ಅರ್ಧಕ್ಕೇ ಸರಪಳಿ ಕಳಚುತ್ತದೆ.
ಹನ್ನೊಂದು ತಿಂಗಳು ಬರೀ ತುಂಡು.
ಯುಪಿಎಸ್ ಸತ್ತ ರಾತ್ರಿ
ತಣ್ಣೀರುಹಳ್ಳದಿಂದ ಗಟ್ಟಿ ಐಸು ಹೊತ್ತು ತಂದು
ನಾನೂ ಅಟೆಂಡರ್ ಚನ್ನಾಜಮ್ಮನೂ
ಗೋಣಿಯಲ್ಲಿ ಸುತ್ತಿ ಒನಕೆಯಿಂದ ಕುಟ್ಟಿದ್ದೆವು.

ನಿನ್ನೆ ಮೈಸೂರಿನಿಂದ ತೂಕದ ಚೀಟಿ ಬಂತು:
ಇರಬೇಕಾದ್ದಕ್ಕಿಂತ ಹದಿನಾಲ್ಕು ಹೆಚ್ಚು.
ಒಂದು ಮಿಥೈಲಿನ ಭಾರ.

ಅಪ್ಪ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ.
"ಎಷ್ಟು ಅಂದೆ?"
ಹದಿನಾಲ್ಕು.
ಅವನ ಹೆಬ್ಬೆರಳು ಕಾಯಿಯ ನಾರಿನಲ್ಲೇ ನಿಂತಿತು.
ಎಂಬತ್ತೊಂಬತ್ತರಲ್ಲಿ, ರಾಮನಾಥಪುರದ ಕಡೇ ಟ್ರಿಪ್ಪು,
ತನಿಖೆಯವರು ಚೀಲ ಸುರಿದು ಎಣಿಸಿದಾಗ
ಹದಿನಾಲ್ಕು ರೂಪಾಯಿ ಹೆಚ್ಚಿತ್ತಂತೆ.
ಕಡಿಮೆ ಬಿದ್ದರೆ ಕೈಯಿಂದ ಕಟ್ಟಬಹುದು,
ಹೆಚ್ಚಾದರೆ ಕಳ್ಳ.
ಮೆಮೊ. ಒಂದು ಇಂಕ್ರಿಮೆಂಟು.
ಯಾರ ಚಿಲ್ಲರೆ, ಯಾರಿಗೆ ಚೀಟಿ ಹರಿಯಲಿಲ್ಲ,
ಇವತ್ತಿಗೂ ಅವನಿಗೆ ಲೆಕ್ಕ ಕೂಡಿಲ್ಲ.

"ನಿಂಗೆ ಮೆಮೊ ಕೊಡಲ್ವಾ?"
ಕೊಡ್ತಾರಪ್ಪ. ಇನ್ನೆರಡು ಸಲ ಮಾಡಿ ತೋರಿಸು ಅಂತಾರೆ.
ಹೆಚ್ಚಿಗೆ ಬಂದದ್ದು ಎಲ್ಲಿ ಕೂತಿದೆ,
ಅದನ್ನೂ ತೋರಿಸು ಅಂತಾರೆ.
"ಎಲ್ಲಿ ಕೂತದೆ?"
ಏಳನೇ ಸೀಟು, ಅಂದೆ.
"ಕಿಟಕಿ ಪಕ್ಕದ್ದು," ಅಂದ,
ನಿಂತಿದ್ದ ಕಾಯಿ ಬಿಡಿಸುತ್ತಾ.