ಬಯ್ಯೋಕೆ ಹದಿನೈದು ರೂಪಾಯಿ

ನಾವು ಐದು ಜನ ಹೋದದ್ದು
ಕಸ ಹುಡುಕಿಕೊಂಡು.
ಹೊಳಲು ರಸ್ತೆಯ ಎಡಕ್ಕೆ ತಿರುಗಿ ನಾಲೆ ದಾಟಿದರೆ
ಮರಿಸ್ವಾಮಣ್ಣನ ಆಲೆಮನೆ.
ಬೋರೇಶನ ಲ್ಯಾಪ್‌ಟಾಪಿನಲ್ಲಿ ಹದಿನೆಂಟು ಸ್ಲೈಡು,
ನಫೀಸಾಳ ಚೀಲದಲ್ಲೊಂದು ಮಾದರಿ ತಟ್ಟೆ:
ಕಬ್ಬಿನ ರಚ್ಚು ಕುಟ್ಟಿ, ನೆನೆಸಿ, ಒತ್ತಿ,
ಹಾಸ್ಟೆಲಿನ ಇಸ್ತ್ರಿಪೆಟ್ಟಿಗೆಯಡಿ ಒಣಗಿಸಿದ್ದು.
ಅಂಚು ಸುಟ್ಟಿತ್ತು. ಆದರೂ
ತಟ್ಟೆಯೆಂದರೆ ನಂಬಬಹುದಿತ್ತು.

‘ವ್ಯರ್ಥದಿಂದ ಅರ್ಥ’ ಎಂದು ಹೆಸರಿಟ್ಟಿದ್ದೆವು.
ಪ್ರಾಸದ ತಪ್ಪು ನನ್ನದು.

ಮರಿಸ್ವಾಮಣ್ಣ ತಟ್ಟೆಯನ್ನು ತಿರುಗಿಸಿ ನೋಡಿದ,
ಬೆಳಕಿಗೆ ಹಿಡಿದ, ಮೂಸಿದ.
“ಚೆನ್ನಾಗದೆ ಕಣ್ರಪ್ಪ.
ರಚ್ಚೆಲ್ಲ ನೀವು ತಟ್ಟೆ ಮಾಡ್ಕೊಂಡು ಹೋದ್ರೆ
ನಾ ಒಲೆಗೇನ ಇಕ್ಲಿ,
ನಿಮ್ಮ ಸರ್ಟಿಫಿಕೇಟಾ?”

ಅವನ ಬೆನ್ನ ಹಿಂದೆ, ಕೊಪ್ಪರಿಗೆಯ ಕೆಳಗೆ
ಕಬ್ಬೇ ಕಬ್ಬನ್ನು ಕುದಿಸುತ್ತಿತ್ತು.
ಇಷ್ಟು ಸಣ್ಣ ಲೆಕ್ಕ
ಹದಿನೆಂಟು ಸ್ಲೈಡಿನಲ್ಲಿ ಎಲ್ಲೂ ಇರಲಿಲ್ಲ.

“ಬೂದಿ?” ಅಂದ ಬೋರೇಶ, ಆಸೆ ಬಿಡದೆ.
“ಗದ್ದೆಗೆ.”
“ಪಾಕದ ಮಡ್ಡಿ?”
“ದನಕ್ಕೆ.”
ಆ ಅಂಗಳದಲ್ಲಿ ಯಾರಿಗೂ ಬೇಡವಾದದ್ದು
ನಮ್ಮ ಯೋಜನೆಯೊಂದೇ.

ಬಾಳೆಲೆಯ ಚೂರಿನಲ್ಲಿ ಬಿಸಿ ಬೆಲ್ಲ ಕೊಟ್ಟು ಕಳಿಸಿದ.
ಬೆರಳು ನೆಕ್ಕುತ್ತ ಹೊರಗೆ ಬಂದರೆ
ಬಿಸಿಲಿಗೆ ರಚ್ಚು ಹರವುವ ಹೆಂಗಸರು.
ನಿಂಗಾಜಮ್ಮ ಒಂದು ಗಳಿಗೆ ನಿಂತು
ಅಂಗೈಯ ಸಿಬಿರನ್ನು ಹಲ್ಲಿನಿಂದ ಕಿತ್ತು ಉಗಿದು
ಮತ್ತೆ ಬಾಗಿದಳು.

ಒಳಗೆ ಹೋಗುವಾಗ
ನಾವು ಅವಳನ್ನು ದಾಟಿಯೇ ಹೋಗಿದ್ದೆವು.

ಹಾಸ್ಟೆಲಿನ ಬಾಗಿಲು ಬಾಗಿಲು ತಟ್ಟಿ
ಹಳೆ ಜೀನ್ಸು ಕೂಡಿಹಾಕಿದೆವು:
ಮಂಡಿ ಹರಿದದ್ದು, ಸೊಂಟ ಹಿಡಿಯದ್ದು,
ಪ್ರೀತಿ ಮುರಿದ ಮೇಲೆ ಮೂಲೆಗೆಸೆದದ್ದು.
ಗುತ್ತಲಿನಲ್ಲಿ ನಫೀಸಾಳ ಅಮ್ಮಿಯ ಹೊಲಿಗೆ ಮಿಷನ್ನು,
ಅಳತೆಗೆ ನನ್ನ ಕೈ,
ಒಂದು ಸಿಬಿರನ್ನೂ ಕಾಣದ್ದು.

ಮೊದಲ ಜೊತೆ ಕೈಗವಸು ತೊಟ್ಟು ನಿಂಗಾಜಮ್ಮ
ಗೊಂಬೆಯಾಡಿಸುವಂತೆ ಬೆರಳಾಡಿಸಿ ನಕ್ಕಳು:
“ಇದ ಹಾಕ್ಕಂಡು ಎಲೆಗೆ ಸುಣ್ಣ ಎಂಗೆ ಬಳಿಯದು?”
ಕುಡುಗೋಲು ತಂದಳು.
ನಾಲ್ಕು ಬೆರಳ ತುದಿ ಕುಯ್ದು ಬಿಸಾಕಿದಳು,
ಹೆಬ್ಬೆಟ್ಟು ಮಾತ್ರ ಬಿಟ್ಟಳು.
“ಈಗ ಇದು ಕೈ.”

ಅದೇ ನಮ್ಮ ಎರಡನೇ ಮಾದರಿ.
ವರದಿಯಲ್ಲಿ ಅವಳ ಹೆಸರು ಹಾಕಿದೆವು,
ಗೈಡು ಅದನ್ನು ಅಡಿಟಿಪ್ಪಣಿಗೆ ಇಳಿಸಿದರು.

“ಎಷ್ಟು?” ಅಂದಳು.
ಬೇಡಮ್ಮ, ಇದು ಸೇವೆ, ಅಂದೆ ನಾನು,
ದನಿಯನ್ನು ವೇದಿಕೆಗೆ ತಕ್ಕಂತೆ ಮಾಡಿಕೊಂಡು.
ಅವಳು ಕೈಗವಸು ಬಿಚ್ಚಿ ರಚ್ಚಿನ ಮೇಲಿಟ್ಟಳು.
“ಪುಗಸಟ್ಟೆ ಕೊಟ್ಟಿದ್ದು ನಾಳೆ ಕಿತ್ತೋದ್ರೆ
ನಿನ್ನ ಬಯ್ಯಕ್ಕಾಯ್ತದೇನವ್ವ?
ಕಾಸು ಈಸ್ಕೊ.”

ಹದಿನೈದು ರೂಪಾಯಿ.
ಸೆರಗಿನ ಗಂಟಿನಿಂದ ಹತ್ತು,
ಪಕ್ಕದವಳ ಹತ್ತಿರ ಸಾಲ ಐದು.

ಆಮೇಲೆ ಸೆಮಿಸ್ಟರು ಮುಗಿಯಿತು. ಅಂಕ ಬಂತು.
ಐವರಲ್ಲಿ ಮೂವರಿಗೆ ಅಂಕ ಸಾಕಾಯಿತು.
ಅವರ ಮೇಲೆ ಸಿಟ್ಟಿಲ್ಲ,
ಬೋರೇಶ ಈಗಲೂ ತನ್ನ ಹಳೆ ಪ್ಯಾಂಟು ಕಳಿಸುತ್ತಾನೆ.

ಇವತ್ತು ಬೆಳಿಗ್ಗೆ ಮರಿಸ್ವಾಮಣ್ಣನ ನಂಬರಿನಿಂದ ಫೋನು.
ಎತ್ತಿದರೆ ಹಲೋ ಇಲ್ಲ, ಹೆಸರಿಲ್ಲ:
“ಅದೇನ್ ಹೊಲಿಗೆನವ್ವ ನಿಂದು!
ಹೆಬ್ಬೆಟ್ಟಿನ ತಾವ ಬಾಯಿ ಬುಟ್ಕೊಂಡು ಕುಂತದೆ!”
ಸ್ಪೀಕರ್ ಹಾಕು, ಅಂದಳು ನಫೀಸಾ.
ಇಬ್ಬರೂ ತಲೆ ತಗ್ಗಿಸಿ ಪೂರ್ತಿ ಕೇಳಿದೆವು,
ಮೂರು ನಿಮಿಷ, ನಮ್ಮ ಅಮ್ಮಂದಿರನ್ನೂ ಸೇರಿಸಿ.
ಕೊಟ್ಟ ಕಾಸಿಗೆ
ಒಂದು ಮಾತೂ ಕಡಿಮೆಯಾಗಲಿಲ್ಲ.

ಫೋನಿಟ್ಟು
ದಪ್ಪ ಸೂಜಿ ಹುಡುಕಿದೆವು.